ಇಂದಿನ ಧಮ್ಮ ಚಿಂತನೆ: ಗೆಳೆಯನ ತಪ್ಪು ಹೇಳುವ ಮುನ್ನ



ಈ ದಿನದ ಚಿಂತನೆ ಬರೆಯುವ ಸರದಿ ನನ್ನದು. ಸಾಮಾನ್ಯವಾಗಿ ಒಂದು ಸುತ್ತ ತೆಗೆದುಕೊಂಡು, ಅದರ ಅರ್ಥ ಬರೆದು, ಸಾಧು ಸಾಧು ಹೇಳಿ ಮುಗಿಸುತ್ತೇನೆ. ಇವತ್ತು ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಟ್ಟು, ಅದರಿಂದ ಹುಟ್ಟಿದ ಪ್ರಶ್ನೆಯನ್ನು ನಿಮ್ಮ ಜೊತೆ ಯೋಚಿಸಬೇಕು ಅನಿಸಿದೆ. ಇದರಲ್ಲಿ ಬರುವ ಗೆಳೆಯನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿ.

ಪ್ರಶ್ನೆ ಇದು: ತಾನೇ ಸರಿಯಿಲ್ಲದವನು ಗೆಳೆಯನ ತಪ್ಪನ್ನು ಎತ್ತಿ ಹೇಳಬಹುದೇ? ಹೇಳಿದರೆ ಅದು ಬೂಟಾಟಿಕೆ. ಹೇಳದೆ ಇದ್ದರೆ ತಪ್ಪನ್ನು ತಿದ್ದುವವರು ಯಾರು?

*ನಡೆದದ್ದು*

ನಮ್ಮದು ಐದು ಜನರ ಗೆಳೆತನ. ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದು ತಿಂದವರು. ಬಾಬಾಸಾಹೇಬರ ಸಂಪುಟಗಳನ್ನು ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡು ಓದಿದವರು. ಬಿಳಿ ಬಟ್ಟೆ ಉಟ್ಟು, ಒಂದೇ ಸಾಲಿನಲ್ಲಿ ನಿಂತು, ಒಂದೇ ದಿನ ದೀಕ್ಷೆ ತೆಗೆದುಕೊಂಡವರು.

ಅವರಲ್ಲಿ ಒಬ್ಬ ಮೈಸೂರಿನ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿದ. ಇಪ್ಪತ್ತು ವರ್ಷದ ಸಾಲ. ಗೃಹಪ್ರವೇಶಕ್ಕೆ ನಮ್ಮನ್ನೆಲ್ಲ ಹನ್ನೊಂದು ಗಂಟೆಗೆ ಬರಹೇಳಿದ್ದ. ಹೋದೆವು. ಬುದ್ಧವಂದನೆ ಆಯಿತು, ತ್ರಿಸರಣ ಪಂಚಶೀಲ ಹೇಳಿದೆವು, ಊಟ ಚೆನ್ನಾಗಿತ್ತು. ರಾತ್ರಿ ಅವನ ನೆಂಟರೊಬ್ಬರ ಸ್ಟೇಟಸ್ ನೋಡಿದೆ. ಬೆಳಗಿನ ಜಾವದ ಫೋಟೋ. ಹೋಮಕುಂಡ, ಪುರೋಹಿತರು, ಪಂಚೆ ಶಲ್ಯದಲ್ಲಿ ಕೈ ಮುಗಿದು ಕೂತ ನನ್ನ ಗೆಳೆಯ.

ಮರುದಿನ ಸಂಜೆ ಟೀ ಅಂಗಡಿ ಮುಂದೆ ನಾವು ನಾಲ್ವರು ಸೇರಿದೆವು. ಅವನಿರಲಿಲ್ಲ. ಒಂದು ಗಂಟೆ ಅವನನ್ನು ಜಾಲಾಡಿದೆವು. ಎಲ್ಲರಿಗಿಂತ ಜೋರು ದನಿ ನನ್ನದು. ಅಷ್ಟಕ್ಕೇ ನಿಲ್ಲಲಿಲ್ಲ. ಮನೆಗೆ ಬಂದು ನಮ್ಮ ಗುಂಪಿಗೆ ಒಂದು ಸಂದೇಶ ಹಾಕಿದೆ: ಬೆಳಗ್ಗೆ ಹೋಮ, ಮಧ್ಯಾಹ್ನ ಬುದ್ಧವಂದನೆ, ಇಂಥವರಿಂದಲೇ ಚಳವಳಿ ಹಾಳಾಗಿರುವುದು ಅಂತ. ಹೆಸರು ಹಾಕಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಯಾರಾದರೂ ಕೇಳಿದರೆ 'ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಯಾಕೆ ಮುಟ್ಟಿ ನೋಡ್ಕೋತೀಯ' ಅನ್ನುವ ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ಮೂವತ್ತಕ್ಕೂ ಹೆಚ್ಚು ಜನ ಹೆಬ್ಬೆರಳು ಎತ್ತಿದರು. ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ತುಂಬ ಖುಷಿಯಾಯಿತು.

ಬೆಳಗ್ಗೆ ಎದ್ದು ನೋಡಿದರೆ ಅವನು ಗುಂಪಿನಿಂದ ಹೊರಗೆ ಹೋಗಿದ್ದ.

ಒಂಬತ್ತು ದಿನ ಬಿಟ್ಟು ನಮ್ಮ ಮನೆಗೆ ಬಂದ. ಕೂರಲಿಲ್ಲ. ನಿಂತೇ ಹೇಳಿದ: "ಹೋಮ ಮಾಡಿಸಿದ್ದು ತಪ್ಪು. ಎಂಟನೇ ಪ್ರತಿಜ್ಞೆ ಮುರಿದಿದ್ದೀನಿ, ಒಪ್ಕೋತೀನಿ. ಈಗ ನೀನು ಹೇಳು. ನಿನ್ನ ದೊಡ್ಡ ಮಗಳಿಗೆ ನಾನು ತಂದ ಸಂಬಂಧ ಯಾಕೆ ಬಿಟ್ಟೆ?"

ಬಂಧುಗಳೇ, ಆ ಹುಡುಗ ದೀಕ್ಷೆ ಪಡೆದ ಕುಟುಂಬದವನು. ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ. ವಿಹಾರದಲ್ಲಿ ಮಕ್ಕಳಿಗೆ ವಂದನೆ ಕಲಿಸುತ್ತಿದ್ದ. ಕುಡಿತವಿಲ್ಲ, ಸಾಲವಿಲ್ಲ. ಆದರೆ ನಾವು ಬಲಗೈ, ಅವರು ಎಡಗೈ. ಅದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ. 'ಕೆಲಸ ಖಾಯಂ ಅಲ್ಲವಲ್ಲ' ಎಂದು ಹೇಳಿ ಬಿಟ್ಟೆ. ಎರಡು ತಿಂಗಳಿಗೆ 'ನಮ್ಮವರ' ಹುಡುಗನಿಗೇ ಮಗಳನ್ನು ಕೊಟ್ಟೆ. ಅವನ ಕೆಲಸವೂ ಖಾಯಂ ಆಗಿರಲಿಲ್ಲ. ಮದುವೆ ಮಾತ್ರ ಬೌದ್ಧ ಪದ್ಧತಿಯಲ್ಲೇ ಆಯಿತು. ವೇದಿಕೆಯ ಹಿಂದೆ ಆಳೆತ್ತರದ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು. ಎಲ್ಲರೂ ಮಾದರಿ ಮದುವೆ ಅಂದರು.

ಹೇಳುವುದು ಶಾಸ್ತ್ರ, ಹಾಕುವುದು ಗಾಳ ಅನ್ನುತ್ತಾರಲ್ಲ, ಅದು ನಾನೇ.

*ನನ್ನ ಮೊದಲ ಉತ್ತರ*

ಆ ಕ್ಷಣಕ್ಕೆ ನಾನು ಅಂದದ್ದು: "ಅದಕ್ಕೂ ಇದಕ್ಕೂ ಏನು ಸಂಬಂಧ?"

ಆಮೇಲೆ ಯೋಚಿಸಿದಾಗ ಈ ಮಾತಿನಲ್ಲಿ ಅರ್ಧ ಸತ್ಯ ಇದೆ ಅನಿಸಿತು. ಬೀಡಿ ಸೇದುವ ಡಾಕ್ಟರು ಬೀಡಿ ಸೇದಬೇಡ ಅಂದರೆ ಆ ಸಲಹೆ ಸುಳ್ಳಾಗುವುದಿಲ್ಲ. ನಾನು ಒಳಜಾತಿ ನೋಡಿದ್ದರಿಂದ ಅವನು ಮಾಡಿಸಿದ ಹೋಮ ಸರಿಯಾಗುವುದಿಲ್ಲ. ಒಂದು ತಪ್ಪಿನಿಂದ ಇನ್ನೊಂದು ತಪ್ಪು ವಜಾ ಆಗುವುದಿಲ್ಲ. 'ನೀನೇನು ಕಡಿಮೆ' ಅನ್ನುವುದು ಉತ್ತರವಲ್ಲ, ತಪ್ಪಿಸಿಕೊಳ್ಳುವ ದಾರಿ. ಮಜ್ಝಿಮ ನಿಕಾಯದ ಅನುಮಾನ ಸುತ್ತದಲ್ಲಿ ಮಹಾಮೊಗ್ಗಲ್ಲಾನರು ಇದನ್ನೇ ವಿವರಿಸುತ್ತಾರೆ. ಬುದ್ಧಿ ಹೇಳಿದವನ ಮೇಲೆಯೇ ತಿರುಗಿ ಬೀಳುವುದು, ಮಾತು ಮರೆಸುವುದು, ಸಿಟ್ಟು ತೋರಿಸುವುದು, ಇವೆಲ್ಲ ಒಬ್ಬ ಭಿಕ್ಷುವಿಗೆ ಬುದ್ಧಿ ಹೇಳುವುದೇ ಕಷ್ಟ ಅನ್ನುವ ಹಾಗೆ ಮಾಡುವ ಗುಣಗಳು. ಅಂಥವನಿಗೆ ಸಹಧರ್ಮಿಗಳು ಏನೂ ಹೇಳದೆ ದೂರ ಇದ್ದುಬಿಡುತ್ತಾರೆ.

ಆದರೆ ಗಮನಿಸಿ. ತಿರುಗಿ ಬಿದ್ದವನು ನನ್ನ ಗೆಳೆಯನಲ್ಲ. ಅವನು ಮೊದಲು ತನ್ನ ತಪ್ಪು ಒಪ್ಪಿಕೊಂಡ, ಆಮೇಲೆ ನನ್ನದನ್ನು ಕೇಳಿದ. ಆ ಸುತ್ತದಲ್ಲಿ ಹೇಳಿದ ಗುಣ ಇದ್ದದ್ದು ನನ್ನಲ್ಲಿ.

ಉಳಿದ ಅರ್ಧ ಸತ್ಯ ಇದು. ಮಾತು ನಿಜವಾಗಿರುವುದು ಒಂದು ವಿಷಯ, ಆ ಮಾತು ಹೇಳುವ ಅರ್ಹತೆ ಇನ್ನೊಂದು ವಿಷಯ. ಪುರೋಹಿತರಿಂದ ಕರ್ಮ ಮಾಡಿಸಬಾರದು ಅನ್ನುವ ಎಂಟನೇ ಪ್ರತಿಜ್ಞೆಯ ಕೆಳಗೇ ಮಾನವರೆಲ್ಲ ಸಮಾನರೆಂದು ನಂಬುವ ಒಂಬತ್ತನೆಯದು ಇದೆ. ಅದರ ಕೆಳಗೆ ಸಮಾನತೆ ಸ್ಥಾಪಿಸಲು ಪ್ರಯತ್ನಿಸುವ ಹತ್ತನೆಯದು ಇದೆ. ಗೆಳೆಯನಿಗೆ ಎಂಟನೆಯದನ್ನು ಓದಿ ಹೇಳಿದ ನಾನು ಮುಂದಿನ ಎರಡು ಸಾಲಿಗೆ ಕಣ್ಣು ಇಳಿಸಲೇ ಇಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹೊಡೆಯಲು ಹೋದವನ ಹಾಗೆ.

*ದೌರ್ಬಲ್ಯ ಬೇರೆ, ಬೂಟಾಟಿಕೆ ಬೇರೆ*

ಹಾಗಾದರೆ ನಮ್ಮಲ್ಲಿ ಯಾರೂ ಯಾರಿಗೂ ಏನೂ ಹೇಳುವ ಹಾಗಿಲ್ಲವೇ? ನಾವು ಯಾರೂ ಅರಹಂತರಲ್ಲ. ಶೀಲ ತೆಗೆದುಕೊಂಡವರೆಲ್ಲ ಎಲ್ಲೋ ಒಂದು ಕಡೆ ಎಡವುತ್ತೇವೆ. ಪಂಚಶೀಲವನ್ನು ನಾವು ಹೇಳುವುದೇ ಶಿಕ್ಷಾಪದ ಎಂದು, ಅಂದರೆ ಕಲಿಯುವ ಪಾಠ ಎಂದು. ಕಲಿಯುವವನು ತಪ್ಪುತ್ತಾನೆ. ಎಡವಿದವನನ್ನೆಲ್ಲ ಬೂಟಾಟಿಕೆಯವನು ಅಂದರೆ ಲೋಕದಲ್ಲಿ ಆದರ್ಶ ಇಟ್ಟುಕೊಂಡವರೆಲ್ಲ ಬೂಟಾಟಿಕೆಯವರೇ ಆಗುತ್ತಾರೆ. ಆದರ್ಶವೇ ಇಲ್ಲದವನು ಮಾತ್ರ ಪ್ರಾಮಾಣಿಕ ಅನ್ನಿಸಿಕೊಳ್ಳುತ್ತಾನೆ. ಇದು ಸರಿಯಿಲ್ಲ.

ಎಡವುವುದು ದೌರ್ಬಲ್ಯ. ಎಡವಿದ್ದು ಗೊತ್ತಿದ್ದೂ ಎಡವಿಲ್ಲ ಎಂದು ನಡೆಯುವುದು, ಇನ್ನೊಬ್ಬ ಎಡವಿದಾಗ ನಗುವುದು, ಅದು ಬೂಟಾಟಿಕೆ. ಅದರ ಬೇರು ಸುಳ್ಳಿನಲ್ಲಿದೆ. ಬುದ್ಧರು ಚಿಕ್ಕ ರಾಹುಲನಿಗೆ ಅಂಬಲಟ್ಠಿಕದಲ್ಲಿ ಕಾಲು ತೊಳೆದ ಪಾತ್ರೆ ತೋರಿಸಿ ಹೇಳಿದ್ದು ಇದನ್ನೇ. ಪಾತ್ರೆಯಲ್ಲಿ ಉಳಿದ ಸ್ವಲ್ಪ ನೀರು ತೋರಿಸಿದರು, ಅದನ್ನು ಚೆಲ್ಲಿದರು, ಪಾತ್ರೆಯನ್ನು ಬೋರಲು ಹಾಕಿದರು. ಗೊತ್ತಿದ್ದೂ ಸುಳ್ಳು ಹೇಳಲು ನಾಚದವನ ಸಾಧನೆ ಇಷ್ಟೇ, ಹೀಗೇ ಖಾಲಿ. ಆಮೇಲೆ ಕನ್ನಡಿಯ ಉದಾಹರಣೆ ಕೊಟ್ಟರು. ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ ನೋಡಿಕೊ. ತಪ್ಪಾಗಿದ್ದರೆ ಗುರುವಿನ ಮುಂದೆ, ತಿಳಿದ ಸಹಧರ್ಮಿಗಳ ಮುಂದೆ ತೆರೆದಿಡು. ಆ ಕನ್ನಡಿಯನ್ನು ಬುದ್ಧರು ಕೊಟ್ಟದ್ದು ರಾಹುಲ ತನ್ನ ಮುಖ ನೋಡಿಕೊಳ್ಳಲು. ನಾನು ಅದನ್ನು ಬೇರೆಯವರ ಕಡೆಗೇ ತಿರುಗಿಸಿ ಹಿಡಿದಿದ್ದೆ.

ನನ್ನ ಹೆಸರು ಗಟ್ಟಿ ಬೌದ್ಧ ಅಂತ. ನೀವೇ ಕೊಟ್ಟ ಹೆಸರು. ಬುದ್ಧರು ಹೇಳಿದ ವೇದೇಹಿಕಾಳ ಕಥೆ ನೆನಪಾಗುತ್ತದೆ. ಸಾವತ್ಥಿಯ ಗೃಹಿಣಿ, ಊರೆಲ್ಲ ಶಾಂತಸ್ವಭಾವದವಳು ಅಂತ ಹೊಗಳುತ್ತಿತ್ತು. ಅವಳ ದಾಸಿ ಕಾಳಿ ಯೋಚಿಸಿದಳು: ನಮ್ಮ ಯಜಮಾನಿಗೆ ನಿಜವಾಗಿ ಸಿಟ್ಟಿಲ್ಲವೋ, ನಾನು ಕೆಲಸ ಅಚ್ಚುಕಟ್ಟಾಗಿ ಮಾಡುವುದರಿಂದ ಅದು ಹೊರಗೆ ಬರುತ್ತಿಲ್ಲವೋ? ಬೇಕೆಂದೇ ತಡವಾಗಿ ಎದ್ದಳು. ಮೊದಲು ಹುಬ್ಬು ಗಂಟಾಯಿತು, ಆಮೇಲೆ ಬೈಗುಳ, ಕೊನೆಗೆ ಬಾಗಿಲ ಅಗುಳಿಯಿಂದ ತಲೆಗೆ ಏಟು. ನನ್ನ ಸಮಾನತೆಯೂ ಹಾಗೇ. ಭಾಷಣದಲ್ಲಿ ಗಟ್ಟಿಯಾಗಿತ್ತು, ಪರೀಕ್ಷೆ ಬಂದಿರಲಿಲ್ಲ ಅಷ್ಟೇ. ಮಗಳ ಮದುವೆ ಬಂದಾಗ ಅಗುಳಿ ಕೈಗೆ ಬಂತು.

ಬಾಬಾಸಾಹೇಬರನ್ನು ನೋಡಿ. 1936ರಲ್ಲಿ 'ಜಾತಿ ವಿನಾಶ'ದಲ್ಲಿ ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಎಂದು ವಾದಿಸಿದರು. 1948ರ ಏಪ್ರಿಲ್ 15ರಂದು ತಮ್ಮ ಬದುಕಿನಲ್ಲೇ ಜಾತಿಯ ಗೆರೆ ದಾಟಿ ಸವಿತಾ ಮಾಯಿಯವರನ್ನು ಮದುವೆಯಾದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಮೊದಲು ತಾವು ಭಿಕ್ಷು ಚಂದ್ರಮಣಿಯವರಿಂದ ತ್ರಿಸರಣ ಪಂಚಶೀಲ ತೆಗೆದುಕೊಂಡರು. ಅನಂತರವೇ ಲಕ್ಷಾಂತರ ಜನರಿಗೆ ಕೊಟ್ಟರು. ಮೊದಲು ತನ್ನ ಮೇಲೆ, ಆಮೇಲೆ ಇನ್ನೊಬ್ಬರಿಗೆ. ನಾನು ಈ ಕ್ರಮವನ್ನು ತಲೆಕೆಳಗು ಮಾಡಿದ್ದೆ.

*ಸುಮ್ಮನಿರುವುದು ಉತ್ತರವಲ್ಲ*

ಗೆಳೆಯ ಹೋದ ಮೇಲೆ ಕೆಲವು ದಿನ ನಾನು ಮೌನಕ್ಕೆ ಬಿದ್ದೆ. ಇನ್ನು ಮೇಲೆ ಯಾರ ವಿಷಯಕ್ಕೂ ಹೋಗುವುದಿಲ್ಲ, ನನ್ನ ಪಾಡು ನನಗೆ ಅಂದುಕೊಂಡೆ. ಇದು ವಿನಯವಲ್ಲ, ಮುನಿಸು ಅಂತ ತಿಳಿಯಲು ಸಮಯ ಹಿಡಿಯಿತು.

ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಕೋಸಲದಲ್ಲಿ ಕೆಲವು ಭಿಕ್ಷುಗಳು ಮಳೆಗಾಲದ ವರ್ಷಾವಾಸಕ್ಕೆ ಒಟ್ಟಿಗೆ ನೆಲೆಸಿದರು. ಜಗಳ ಬರಬಾರದು ಅಂತ ಮೂರು ತಿಂಗಳು ಒಬ್ಬರಿಗೊಬ್ಬರು ಮಾತಾಡುವುದೇ ಬೇಡ ಎಂದು ಒಪ್ಪಂದ ಮಾಡಿಕೊಂಡರು. ನೀರು ಬೇಕಾದರೂ ಕೈಸನ್ನೆ. ಮಳೆಗಾಲ ಮುಗಿದ ಮೇಲೆ ಬುದ್ಧರ ಬಳಿ ಬಂದು ತಾವು ಸುಖವಾಗಿ ಸೌಹಾರ್ದದಿಂದ ಇದ್ದೆವು ಎಂದು ಹೇಳಿಕೊಂಡರು. ಬುದ್ಧರು ಹೊಗಳಲಿಲ್ಲ, ಗದರಿಸಿದರು. ಅದು ದನಗಳು ಒಂದು ಕೊಟ್ಟಿಗೆಯಲ್ಲಿ ಇದ್ದ ಹಾಗೆ, ಅದನ್ನು ಸುಖ ಅನ್ನುತ್ತೀರಲ್ಲ ಎಂದರು. ಆ ಸಂದರ್ಭದಲ್ಲೇ ಪವಾರಣೆಯ ವಿಧಿ ಮಾಡಿದರು. ವರ್ಷಾವಾಸ ಮುಗಿದ ದಿನ ಪ್ರತಿಯೊಬ್ಬ ಭಿಕ್ಷುವೂ ಸಂಘದ ಮುಂದೆ ಕೈ ಮುಗಿದು ಕೇಳಬೇಕು: ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನ ಬಂದಿದ್ದರೂ ಸರಿ, ಕರುಣೆಯಿಂದ ಹೇಳಿ, ತಿದ್ದಿಕೊಳ್ಳುತ್ತೇನೆ.

ಇದರಲ್ಲಿ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ನಾನು ಕೇಳುತ್ತಿದ್ದದ್ದು 'ನಾನು ಇನ್ನೊಬ್ಬರ ತಪ್ಪು ಹೇಳಬಹುದೇ' ಅಂತ. ಪವಾರಣೆ ಆ ಪ್ರಶ್ನೆಯನ್ನು ತಿರುಗಿಸಿ 'ನನ್ನ ತಪ್ಪು ಹೇಳುತ್ತೀರಾ' ಅನ್ನುತ್ತದೆ. ತನ್ನನ್ನು ತೆರೆದಿಟ್ಟವನು ನಾಳೆ ಗೆಳೆಯನಿಗೆ ಒಂದು ಮಾತು ಹೇಳಿದರೆ ಅದು ಬೂಟಾಟಿಕೆ ಆಗುವುದಿಲ್ಲ, ಅವನಲ್ಲಿ ದೋಷ ಇದ್ದರೂ ಆಗುವುದಿಲ್ಲ. ಏಕೆಂದರೆ ಅವನು ದೋಷ ಇಲ್ಲದವನ ವೇಷ ಹಾಕಿಲ್ಲ. ಸಾವತ್ಥಿಯ ಪೂರ್ವಾರಾಮದಲ್ಲಿ ಐನೂರು ಭಿಕ್ಷುಗಳ ಮುಂದೆ ಸ್ವತಃ ಬುದ್ಧರೇ, ನನ್ನ ನಡೆಯಲ್ಲಿ ನುಡಿಯಲ್ಲಿ ದೂರುವಂಥದ್ದು ಏನಾದರೂ ಕಂಡಿದೆಯೇ ಎಂದು ಕೇಳಿದರು. ಸಮ್ಮಾಸಂಬುದ್ಧರೇ ಕೇಳಿದ ಮೇಲೆ ನನ್ನಂಥವನು ಕೇಳಲು ನಾಚಬೇಕೆ?

ಕೆಲವೊಮ್ಮೆ ಕಟುವಾಗಿಯೂ ಹೇಳಬೇಕಾಗುತ್ತದೆ. ಅಭಯ ರಾಜಕುಮಾರನ ತೊಡೆಯ ಮೇಲೆ ಮಗು ಇತ್ತು. ಇದು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀ ಎಂದು ಬುದ್ಧರು ಕೇಳಿದರು. ರಕ್ತ ಬಂದರೂ ಬೆರಳು ಹಾಕಿ ತೆಗೆಯುತ್ತೇನೆ, ಮಗುವಿನ ಮೇಲಿನ ಕರುಣೆಯಿಂದ ಅಂದ. ನೋವಾಗುವ ಮಾತನ್ನೂ ಬುದ್ಧರು ಹೇಳುತ್ತಾರೆ, ಆದರೆ ಅದು ನಿಜವಾಗಿರಬೇಕು, ಹಿತವಾಗಿರಬೇಕು, ಸಮಯ ನೋಡಿ ಹೇಳಬೇಕು. ನಾನು ಮಗುವಿನ ಬಾಯಿಗೆ ಬೆರಳು ಹಾಕಿದ್ದು ಕಲ್ಲು ತೆಗೆಯಲಿಕ್ಕಲ್ಲ. ಬೀದಿಯವರನ್ನು ಕರೆದು, ನೋಡಿ ಈ ಮಗು ಕಲ್ಲು ತಿಂದಿದೆ ಎಂದು ತೋರಿಸಲಿಕ್ಕೆ.

*ಐದು ಪ್ರಶ್ನೆಗಳು*

ಇನ್ನೊಬ್ಬರಿಗೆ ಬುದ್ಧಿ ಹೇಳುವವನು ತನ್ನಲ್ಲಿ ಇಟ್ಟುಕೊಳ್ಳಬೇಕಾದ ಐದು ವಿಷಯಗಳನ್ನು ಬುದ್ಧರು ಹೇಳಿದ್ದಾರೆ. ನನ್ನ ಆ ದಿನದ ಸಂದೇಶವನ್ನು ಇವುಗಳಿಗೆ ಹಿಡಿದು ನೋಡಿದೆ.

1. ಸಮಯ ಸರಿಯೇ? ಅವನು ಮನೆ ಕಟ್ಟಿದ ಸಂತೋಷದ ಮರುದಿನ. ಅಲ್ಲ.
2. ನಿಜವೇ? ನಿಜ, ಆದರೆ ಪೂರ್ತಿ ಅಲ್ಲ. ಅದು ಆಮೇಲೆ ಗೊತ್ತಾಯಿತು.
3. ಮೃದುವಾಗಿದೆಯೇ? ಇಲ್ಲ.
4. ಅವನಿಗೆ ಹಿತವೇ? ಅವನಿಗೆ ಹೇಳಲೇ ಇಲ್ಲವಲ್ಲ, ಬೇರೆಯವರಿಗೆ ಹೇಳಿದೆ.
5. ಮೈತ್ರಿಯಿಂದ ಬಂದದ್ದೇ? ಹೆಬ್ಬೆರಳು ಎಣಿಸುತ್ತ ಕೂತವನ ಮನಸ್ಸಿನಲ್ಲಿ ಎಂಥ ಮೈತ್ರಿ?

ಐದರಲ್ಲಿ ಅರ್ಧ ಅಂಕ ಬಂತು.

*ಪೂರ್ತಿ ನಿಜ*

ಮುಂದಿನ ಭಾನುವಾರ ನಾನೇ ಅವನ ಮನೆಗೆ ಹೋದೆ. ಅವನು ಹೊರಗೆ ಹೋಗಿದ್ದ, ಅವನ ತಾಯಿ ಇದ್ದರು. ನನಗೆ ಹಾಸ್ಟೆಲ್ ರಜೆಯಲ್ಲಿ ಅನ್ನ ಇಕ್ಕಿದ ಕೈ. ಕೇಳದೆ ಇದ್ದರೂ ಅವರೇ ಹೇಳಿದರು: "ನಾನೇ ಹಟ ಮಾಡಿ ಮಾಡಿಸ್ದಿ ಕಣಪ್ಪ. ಈ ಬೀದಿಲಿ ನಾವೊಬ್ರೇ. ಹೋಮದ ಹೊಗ ಬರ್ಲಿಲ್ಲ ಅಂದ್ರ ನಮ್ಮ ಕುಲ ಗೊತ್ತಾಗೋಯ್ತದ. ಹಿಂದ ಬಾಡಿಗ ಮನಲಿ ಗೊತ್ತಾಗಿ ಏನಾಯ್ತು ಅಂತ ನಿಂಗ ಗೊತ್ತಲ್ಲ."

ಗೊತ್ತಿತ್ತು. ಆ ಬಾಡಿಗೆ ಮನೆಯಿಂದ ಸಾಮಾನು ಸಾಗಿಸಲು ನಾನೇ ಆಟೋ ತಂದಿದ್ದೆ.

ಇದರಿಂದ ಹೋಮ ಸರಿಯಾಯಿತು ಅಂತ ನಾನು ಹೇಳುತ್ತಿಲ್ಲ. ಗೆಳೆಯನೂ ಹೇಳುವುದಿಲ್ಲ. ಹೆದರಿ ಮುಚ್ಚಿಟ್ಟುಕೊಂಡರೆ ಆ ಬೀದಿ ಯಾವತ್ತೂ ಬದಲಾಗುವುದಿಲ್ಲ. ಆದರೆ ಅವನು ಎಡವಿದ್ದು ಜಾತಿಗೆ ಹೆದರಿ. ನಾನು ಎಡವಿದ್ದು ಜಾತಿಯನ್ನು ಪ್ರೀತಿಸಿ. ಅವನ ಮನೆಯೊಳಗೆ ಹೋಮ ಮಾಡಿಸಿದ್ದು ನಮ್ಮ ಮೇಲಿನ ಮೆಟ್ಟಿಲಿನವರ ಕಣ್ಣು. ನಾನು ಆ ಹುಡುಗನನ್ನು ಬಿಟ್ಟಾಗ ಮೇಲಿನ ಮೆಟ್ಟಿಲಿನ ಕಣ್ಣು ನನ್ನದೇ ಆಗಿತ್ತು. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದದ್ದು ಇದಕ್ಕೇ. ತುಳಿಸಿಕೊಂಡವನಿಗೂ ಕಾಲ ಕೆಳಗೆ ಒಬ್ಬನನ್ನು ಒದಗಿಸಿ ಕೊಡುವ ವ್ಯವಸ್ಥೆ ಅದು. 2024ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಒಳಮೀಸಲಾತಿಯ ವಿಷಯದಲ್ಲಿ ನಮ್ಮ ನಮ್ಮ ಗುಂಪುಗಳಲ್ಲೇ ಎಂಥೆಂಥ ಮಾತು ಬಂದವು ಎಂಬುದನ್ನು ಎಲ್ಲರೂ ಓದಿದ್ದೇವೆ. ಜೈ ಭೀಮ್ ಹೇಳಿದ ಬಾಯಲ್ಲೇ ಬಂದವು.

ಗೆಳೆಯ ಬಂದ ಮೇಲೆ ಕ್ಷಮೆ ಕೇಳಿದೆ. ಗುಂಪಿನಲ್ಲಿ ಹಾಕಿದ್ದಕ್ಕೆ ಗುಂಪಿನಲ್ಲೇ ಕೇಳಬೇಕು ಎಂದು ಈ ಬರಹ. ಅವನು ಇನ್ನೂ ಗುಂಪಿಗೆ ವಾಪಸ್ ಬಂದಿಲ್ಲ. ಬರುತ್ತಾನೋ ಇಲ್ಲವೋ ಅದು ಅವನಿಷ್ಟ. ದಯವಿಟ್ಟು ಯಾರೂ ಒತ್ತಾಯಿಸಬೇಡಿ.

ಇನ್ನೊಂದು ಬಾಕಿ ಇತ್ತು. ಬುದ್ಧ ಪೂರ್ಣಿಮೆಗೆ ದೊಡ್ಡ ಮಗಳು ಮನೆಗೆ ಬಂದಿದ್ದಳು. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಹೇಳಿದೆ: "ಆ ಹುಡುಗನ್ನ ಬಿಟ್ಟಿದ್ದು ಕೆಲಸದ ಕಾರಣಕ್ಕಲ್ಲಮ್ಮ." ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತಪ್ಪ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನನ್ನ ಸಂಸಾರ ಚೆನ್ನಾಗಿದೆ, ನನಗೇನೂ ಹೇಳಬೇಡಿ. ಅವರ ಮನೆಯವರಿಗೆ ಹೇಳಿ. ತಂಗಿ ವಿಷಯ ಬಂದಾಗ 'ನಮ್ಮವರಾ' ಅಂತ ಕೇಳಬೇಡಿ" ಅಂದಳು.

ಇಷ್ಟು ವರ್ಷ ಅವಳಿಗೆ ಗೊತ್ತಿತ್ತು. ವೇದಿಕೆಯಲ್ಲಿ ನಾನು ಸಮಾನತೆ ಅನ್ನುವಾಗಲೆಲ್ಲ ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದಳು. ನಮ್ಮ ಬೂಟಾಟಿಕೆ ಗುಟ್ಟಾಗಿದೆ ಅಂದುಕೊಳ್ಳುವವರು ನಾವು ಮಾತ್ರ. ಮನೆಯವರಿಗೆ, ಗೆಳೆಯರಿಗೆ ಅದು ಯಾವತ್ತೋ ಗೊತ್ತಿರುತ್ತದೆ. ಪ್ರೀತಿಗೆ ಸುಮ್ಮನಿರುತ್ತಾರೆ.

ಆ ಹುಡುಗನ ತಂದೆಗೆ ಫೋನ್ ಮಾಡಿದೆ. ಅವರು ಕೇಳಿಸಿಕೊಂಡರು. "ಸರಿ ಬಿಡಿ ಸಾರ್" ಅಂದರು. ಅಷ್ಟೇ. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿಲ್ಲ.

*ಈ ದಿನದ ಅಭ್ಯಾಸ*

ಬಂಧುಗಳೇ, ಇಂದು ಒಂದು ಕೆಲಸ ಮಾಡೋಣ. ನಿಮ್ಮ ಹತ್ತಿರದ ಒಬ್ಬ ಕಲ್ಯಾಣಮಿತ್ರನ ಬಳಿ ಹೋಗಿ, ಫೋನಿನಲ್ಲಿ ಅಲ್ಲ, ಎದುರು ಕೂತು ಕೇಳಿ: ನನ್ನಲ್ಲಿ ಏನು ಕಂಡಿದೆ? ಅವರು ಹೇಳುವಾಗ 'ಆದರೆ' ಅನ್ನಬೇಡಿ. ಸಮರ್ಥನೆ ಕೊಡಬೇಡಿ. ಮನೆಗೆ ಬಂದು ಒಂದು ರಾತ್ರಿ ಅದನ್ನು ಜೊತೆಗಿಟ್ಟುಕೊಳ್ಳಿ. ಯಾರದಾದರೂ ತಪ್ಪು ಹೇಳಲೇಬೇಕಾಗಿದ್ದರೆ ಅವರಿಗೇ ಹೇಳಿ, ಒಬ್ಬರೇ ಇರುವಾಗ ಹೇಳಿ, ನಿಮ್ಮದನ್ನು ಮೊದಲು ಹೇಳಿ.

ಆಶ್ವೀಜ ಹುಣ್ಣಿಮೆಗೆ ವರ್ಷಾವಾಸ ಮುಗಿಯುತ್ತದೆ. ಆ ದಿನ ನಮ್ಮ ಅಧ್ಯಯನ ಬಳಗದಲ್ಲೂ ಗೃಹಸ್ಥರ ಮಟ್ಟಿಗೆ ಒಂದು ಪವಾರಣೆ ಮಾಡೋಣ ಎಂಬುದು ನನ್ನ ವಿನಂತಿ. ಮೊದಲು ಕೈ ಮುಗಿದು ನಿಲ್ಲುವವನು ನಾನು. ಅಲ್ಲಿಯವರೆಗೆ ಕಾಯಬೇಕಾಗಿಲ್ಲ, ಈ ಬರಹದಲ್ಲೇ ತಪ್ಪು ಕಂಡಿದ್ದರೂ ಹೇಳಿ. ತಿದ್ದಿಕೊಳ್ಳುತ್ತೇನೆ.

ಭವತು ಸಬ್ಬ ಮಂಗಲಂ.
ನಮೋ ಬುದ್ಧಾಯ, ಜೈ ಭೀಮ್ 🙏